ನಾನು ತೆಗೆದುಹಾಕಿದ ಸಾಲು

ಭಾನುವಾರ, ಮಧ್ಯಾಹ್ನ

ರೀ,

'ಪ್ರೀತಿಯ' ಎಂದು ಬರೆಯಲು ಕೈ ಬರಲಿಲ್ಲ. 'ಮಾನ್ಯರೇ' ಎಂದರೆ ನೀವು ಅದನ್ನು ಆಫೀಸಿನಲ್ಲಿ ನಾಲ್ಕು ಜನರಿಗೆ ಓದಿ ಹೇಳಿ ನಗುತ್ತೀರಿ. ಇಪ್ಪತ್ತು ವರ್ಷ ಕರೆದ ಹಾಗೇ ಕರೆದಿದ್ದೇನೆ. ಇದಕ್ಕೆ ಬೇರೆ ಅರ್ಥ ಹಚ್ಚಬೇಡಿ.

ನಿಮ್ಮ ಪತ್ರ ಬಂತು. ಹನ್ನೊಂದು ಸಾಲು, ಏಳು ತಪ್ಪು. 'ಹಾರ್ದಿಕ'ದ ಹಕಾರ ನುಂಗಿ 'ಆರ್ದಿಕ ಅಭಿನಂದನೆಗಳು' ಎಂದು ಬರೆದಿದ್ದೀರಿ. ಇಷ್ಟು ವರ್ಷ ಇನ್ಶೂರೆನ್ಸ್ ಮಾರಿಕೊಂಡು, ಊರವರ ಸಾವುನೋವಿನ ಅರ್ಜಿಗಳನ್ನೆಲ್ಲ ತುಂಬಿಕೊಟ್ಟ ಮನುಷ್ಯನಿಗೆ ಒಂದು 'ಹ' ಬರೆಯಲು ಬರುವುದಿಲ್ಲ. ಜನ ನಿಮ್ಮನ್ನು ಹೇಗೆ ನಂಬುತ್ತಾರೋ ನನಗೆ ಇವತ್ತಿಗೂ ತಿಳಿಯದು. ನಗುತ್ತೀರಲ್ಲ, ಅದಕ್ಕಿರಬೇಕು.

ನನ್ನ ತಮ್ಮನದು ಹರಕು ಬಾಯಿ. ನನಗೆ ಕೆಲಸ ಸಿಕ್ಕಿದ ಸುದ್ದಿಯನ್ನು ಮೊದಲು ನಿಮ್ಮ ಕಿವಿಗೇ ಹಾಕಿದ್ದಾನೆ. ಇರಲಿ, ಸುದ್ದಿ ನಿಜ. ನಲವತ್ನಾಲ್ಕನೆಯ ವಯಸ್ಸಿಗೆ ಸಾಫ್ಟ್‌ವೇರ್ ಡೆವಲಪರ್ ಆಗಿದ್ದೇನೆ, ಮುಂದಿನ ಸೋಮವಾರದಿಂದ ಕೆಲಸ. ಒಂಬತ್ತು ಜನರ ಸಣ್ಣ ಕಂಪನಿ. ಗ್ರಂಥಾಲಯಗಳಿಗೆ ಪ್ರೋಗ್ರಾಂ ಬರೆದುಕೊಡುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಸಹಿಸಲಾಗದೇ ಹೋದದ್ದು ಆ ಏಳು ತಪ್ಪುಗಳಲ್ಲ, ಒಂದೂ ತಪ್ಪಿಲ್ಲದ ಒಂದು ಸಾಲು. 'ನೀನು ತಪ್ಪು ಮಾಡುವವಳೇ ಅಲ್ಲ, ನಮ್ಮ ಮನೆಯಲ್ಲಿ ತಪ್ಪೆಲ್ಲ ನನ್ನದೇ ಆಗಿತ್ತು.' ಇಂಥದ್ದನ್ನು ಬರೆಯುವಾಗ ಮಾತ್ರ ನಿಮ್ಮ ಕಾಗುಣಿತ ನೆಟ್ಟಗಿರುತ್ತದೆ. ಅದನ್ನು ಓದಿದ ಮೇಲೆ ಎರಡು ದಿನ ಅನ್ನ ರುಚಿಸಲಿಲ್ಲ. ಅದಕ್ಕೇ ಈ ಉತ್ತರ. ಉದ್ದವಾಗುತ್ತದೆ, ಕೂತು ಓದಿ. ಅರ್ಧ ಓದಿ, ಯಾರೋ ಕರೆದರೆಂದು ಎದ್ದು ಹೋಗಬೇಡಿ.

ಪ್ರೆಸ್ ಮುಚ್ಚಿದ್ದು ನಿಮಗೆ ಗೊತ್ತು. ಹತ್ತೊಂಬತ್ತು ವರ್ಷ ಅಲ್ಲಿ ಕೂತು ಇತರರ ಕರಡು ತಿದ್ದಿದೆ. ಕಾನೂನಿನ ಪುಸ್ತಕವಿರಲಿ, ಪಶುವೈದ್ಯದ ಪಠ್ಯವಿರಲಿ, ಒಂದು ಅರ್ಕಾವತ್ತು ಜಾರಿದ್ದರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಕೊನೆಯ ದಿನ ಮಾಲೀಕರು ಕೈ ಕುಲುಕಿ, "ನಿಮ್ಮಂಥೋರು ಸಿಗಲ್ಲ ಬಿಡಿ" ಎಂದರು. ನನ್ನಂಥವಳು ಬೇಡವಾದ್ದರಿಂದಲೇ ಆ ದಿನ ಬಂದಿದೆ ಎಂಬುದು ಅವರ ಮುಖದ ಮೇಲೆ ಅಚ್ಚಾಗಿತ್ತು. ನನ್ನ ಕೆಲಸವನ್ನು ಇನ್ನು ಕಂಪ್ಯೂಟರ್ ಮಾಡುತ್ತದಂತೆ. ಮಾಡಲಿ, ಆದರೆ ಅದಕ್ಕೆ ಬುದ್ಧಿ ಹೇಳುವವಳು ನಾನೇ ಆಗುತ್ತೇನೆ ಎಂದು ಹಟ ಹುಟ್ಟಿತು. ತಮ್ಮ ತಂದುಕೊಟ್ಟ ಜಾಹೀರಾತು ನೋಡಿ ಹತ್ತು ತಿಂಗಳ ತರಬೇತಿಗೆ ಹೆಸರು ಕೊಟ್ಟೆ. ಕಲಿಯುವ ಆಸೆಯಿಂದ ಹೋದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಹೋದದ್ದು ಸಿಟ್ಟಿನಿಂದ.

ತರಬೇತಿ ಕೇಂದ್ರ ಇರುವುದು ಒಂದು ಟೈರ್ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ. ಕಿಟಕಿ ತೆಗೆದರೆ ರಬ್ಬರಿನ ನಾತ, ಮುಚ್ಚಿದರೆ ಇಪ್ಪತ್ತೆರಡು ಜನರ ಬೆವರಿನ ನಾತ. ಕೆಲಸ ಕಳೆದುಕೊಂಡವರು, ಕೆಲಸ ಬಿಟ್ಟವರು, ಜನ್ಮದಲ್ಲಿ ಕೆಲಸ ಮಾಡದವರು, ಎಲ್ಲರೂ ಅಲ್ಲಿದ್ದರು. ವಯಸ್ಸಿನಲ್ಲಿ ನಾನೇ ಹಿರಿಯಳು. ಜಿಮ್ ನಡೆಸಿ ಸೋತ ಒಬ್ಬ ಮಹಾಶಯ ಮೊದಲ ವಾರವೇ ಲ್ಯಾಪ್‌ಟಾಪಿನ ಮುಂದೆ ಕೈ ಕಟ್ಟಿ ನಿಂತು ಫೋಟೋ ತೆಗೆಸಿಕೊಂಡ. ಮೂರನೆಯ ವಾರದಿಂದ ಅವನ ಕುರ್ಚಿಯ ಮೇಲೆ ನಾನು ಚೀಲ ಇಡತೊಡಗಿದೆ.

ಕಲಿಸುವವಳು ಇಪ್ಪತ್ತಾರರ ಹುಡುಗಿ. ಪೆನ್ನಿನ ಮುಚ್ಚಳ ಕಚ್ಚಿ ಕಚ್ಚಿ ಚಪ್ಪಟೆ ಮಾಡಿರುತ್ತಾಳೆ. ಬೋರ್ಡಿನ ತುಂಬ ಜೇಡರ ಬಲೆಯಂಥದ್ದೊಂದು ಚಿತ್ರ ಬರೆದು, ತಿರುಗಿ ನಿಂತು, "ಸಿಂಪಲ್, ಅಲ್ವಾ?" ಅನ್ನುತ್ತಾಳೆ. ಅವಳಿಗೆ ನಾನು ಇಟ್ಟ ಹೆಸರು ಸಿಂಪಲ್ ಮೇಡಂ. ನನ್ನ ಮಗಳಿಗಿಂತ ಐದು ವರ್ಷ ದೊಡ್ಡವಳನ್ನು 'ಮೇಡಂ' ಅನ್ನುವಾಗ ನನ್ನ ನಾಲಿಗೆ ಪ್ರತಿಸಲ ಹಲ್ಲಿಗೆ ತಾಗುತ್ತಿತ್ತು.

ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹದಿನಾರು ವರ್ಷ ಹಾಸಿಗೆ ಬಟ್ಟೆ ಒಗೆದು, ಮಡಿಚಿ ಬಂದ ಒಬ್ಬ ಮನುಷ್ಯನಿದ್ದ. ಹೊಸ ಯಂತ್ರ ಬಂತು, ಇವನು ಹೊರಗೆ ಬಂದ. ಮೂವತ್ತಾರು ವಯಸ್ಸು, ಸೋಪಿನ ನೀರಿಗೆ ಬೆಳ್ಳಗಾದ ಬೆರಳುಗಳು. ಏನು ಹೇಳಿದರೂ 'ಯಾಕೆ' ಅನ್ನುತ್ತಿದ್ದ. ಇಲ್ಲಿ ಸೊನ್ನೆಯಿಂದ ಎಣಿಸುತ್ತಾರೆ ಎಂದರೆ, "ಯಾಕೆ ಮೇಡಂ, ಒಂದರಿಂದ ಎಣಿಸಿದ್ರೆ ಏನಾಗುತ್ತೆ?" ಇಲ್ಲಿ ಈ ಆವರಣ ಚಿಹ್ನೆ ಬರಬೇಕು ಎಂದರೆ, "ಯಾಕೆ, ಇಲ್ದಿದ್ರೆ ಅದಕ್ಕೆ ಗೊತ್ತಾಗಲ್ವಾ?" ಹತ್ತು ನಿಮಿಷದ ಪಾಠ ಮುಕ್ಕಾಲು ಗಂಟೆ ಎಳೆಯುತ್ತಿತ್ತು. ಒಂದು ದಿನ ನಾನು ಪಕ್ಕದವಳಿಗೆ ಮೆಲ್ಲಗೆ, "ಬಂದ ನೋಡು ಯಾಕಪ್ಪ" ಅಂದೆ. ಅವಳು ಕಿಸಕ್ಕನೆ ನಕ್ಕಳು. ವಾರದೊಳಗೆ ಇಡೀ ತರಗತಿಗೆ ಅವನು ಯಾಕಪ್ಪ ಆದ. ಆ ಹೆಸರು ಅವನ ಕಿವಿಗೂ ಬಿತ್ತು. ಒಂದು ಸಲ ತಲೆ ತಗ್ಗಿಸಿ ನಕ್ಕ, ಪ್ರಶ್ನೆ ಕೇಳುವುದನ್ನು ಮಾತ್ರ ಬಿಡಲಿಲ್ಲ. ನಾಚಿಕೆ ಇಲ್ಲದವನು ಅಂದುಕೊಂಡೆ.

ನಾನೋ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೇಕಾಗಿಯೂ ಇರಲಿಲ್ಲ ಅನ್ನಿ. ಮೊದಲ ಎರಡು ತಿಂಗಳು ನಾನು ಅಲ್ಲಿಯ ರಾಣಿ. ಯಾರ ಪ್ರೋಗ್ರಾಂ ಓಡದಿದ್ದರೂ ಹಿಂದೆ ನಿಂತು ಒಂದು ನೋಟ ಹರಿಸಿ, "ಹದಿನೇಳನೇ ಸಾಲು, ಅರ್ಧವಿರಾಮ ಬಿಟ್ಟಿದೆ" ಅನ್ನುತ್ತಿದ್ದೆ. ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದರು. 'ಪ್ರೂಫ್ ಅಕ್ಕ' ಎಂದು ಕರೆಯತೊಡಗಿದರು. ಸಿಂಪಲ್ ಮೇಡಂ ಕೂಡ ತನ್ನ ಕೋಡನ್ನು ನನಗೆ ತೋರಿಸಿಕೊಂಡು ಹೋಗುತ್ತಿದ್ದಳು. ನನಗೆ ಎಷ್ಟು ಬೇಗ ತಲೆ ತಿರುಗುತ್ತದೆಂದು ನಿಮಗೆ ಗೊತ್ತು.

ಆದರೆ ಇದನ್ನು ಕೇಳಿ. ಆ ಹದಿನೇಳನೆಯ ಸಾಲು ಏನು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಪಶುವೈದ್ಯದ ಪುಸ್ತಕ ತಿದ್ದಿದ ನಾನು ಒಂದು ಕರುವಿನ ಜ್ವರ ಇಳಿಸಬಲ್ಲೆನೇ? ಇಲ್ಲಿಯೂ ಅದೇ. ಅಕ್ಷರ ಕಾಣುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ. ನೋಟುಪುಸ್ತಕದಲ್ಲಿ ಎಲ್ಲವನ್ನೂ ಮುತ್ತು ಪೋಣಿಸಿದಂತೆ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆ. ಮೂರನೆಯ ತಿಂಗಳ ಹೊತ್ತಿಗೆ ಬಾಯಿಪಾಠ ಸಾಲದಾಯಿತು. 'ತಿಳಿಯಲಿಲ್ಲ' ಎನ್ನುವ ಒಂದು ಮಾತು ಬಾಯಿಗೆ ಬರಲಿಲ್ಲ. ಅದನ್ನು ಹೇಳಿದರೆ ಯಾಕಪ್ಪನ ಸಾಲಿಗೆ ಸೇರುತ್ತೇನಲ್ಲ.

ಐದನೆಯ ತಿಂಗಳು ಜೋಡಿ ಜೋಡಿಯಾಗಿ ನಿಜವಾದ ಕೆಲಸ ಕೊಟ್ಟರು. ಮೂರು ಬೀದಿ ಆಚೆ ಮೊಣಕಾಲು, ಸೊಂಟ ಹಿಡಿದವರಿಗೆ ವ್ಯಾಯಾಮ ಮಾಡಿಸುವ ಒಂದು ಕ್ಲಿನಿಕ್ ಇದೆ. ಅಲ್ಲಿಗೆ ಬರುವವರಿಗೆ ಅವರವರ ಸರದಿಯ ಸಮಯವನ್ನು ಮೊಬೈಲಿಗೆ ಕಳಿಸುವ ಪ್ರೋಗ್ರಾಂ ಬರೆಯಬೇಕಿತ್ತು. ನನ್ನ ಜೋಡಿ ಯಾರು ಹೇಳಿ. ಯಾಕಪ್ಪ. ಚೀಟಿ ತೆಗೆದಾಗ ಅವನು ಖುಷಿಯಾಗಿ, "ನನ್ನ ಅದೃಷ್ಟ ಅಕ್ಕ, ನಿಮ್ಮ ಕಣ್ಣಿದ್ರೆ ತಪ್ಪೇ ಆಗಲ್ಲ" ಎಂದ. 

ನಮ್ಮಿಬ್ಬರಿಗೆ ಒಂದೇ ಲ್ಯಾಪ್‌ಟಾಪ್. ನಾನು ನನ್ನ ಪಾಸ್‌ವರ್ಡ್ ಎರಡು ಸಲ ಮರೆತಿದ್ದೆ. ಮೂರನೆಯ ಸಲ ಕೇಳಲು ಅವಮಾನವಾಗಿ, ಅವನ ಹೆಸರಿನಲ್ಲೇ ಒಳಗೆ ಹೋಗಿ ಕೆಲಸ ಮಾಡುತ್ತಿದ್ದೆ. ಬಹುಪಾಲು ಬರೆದವನು ಅವನೇ. ನಾನು ಕಳಿಸುವ ಸಂದೇಶಗಳ ಭಾಷೆ ತಿದ್ದಿದೆ. ಎಂಥ ದೊಡ್ಡ ಕೊಡುಗೆ.

ಪ್ರಯೋಗ ಮಾಡಲು ಹತ್ತು ಸುಳ್ಳು ಹೆಸರುಗಳ ಒಂದು ಪಟ್ಟಿ ಇಟ್ಟುಕೊಂಡಿದ್ದೆವು. ಒಂದು ಮಂಗಳವಾರ ಕ್ಲಿನಿಕ್ಕಿನವರು ನಿಜವಾದ ಪಟ್ಟಿ ಕೊಟ್ಟರು, ನೂರ ನಲವತ್ಮೂರು ಜನರದ್ದು. ಶುಕ್ರವಾರದವರೆಗೆ ಅದನ್ನು ಮುಟ್ಟಬೇಡಿ ಎಂದು ಸಿಂಪಲ್ ಮೇಡಂ ಮೂರು ಸಲ ಹೇಳಿದಳು. ಯಾಕಪ್ಪ ಅಷ್ಟಕ್ಕೇ ಬಿಡದೆ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದ. ಪ್ರತಿಸಲ ಓಡಿಸುವ ಮುಂಚೆ ಅದು ನಿಂತು, 'ಯಾವ ಪಟ್ಟಿ? ಸುಳ್ಳಿನದೋ, ನಿಜದ್ದೋ?' ಎಂದು ಕೇಳುತ್ತಿತ್ತು. ನಾವು ಟೈಪ್ ಮಾಡಿ ಹೇಳಿದ ಮೇಲೆಯೇ ಮುಂದಕ್ಕೆ ಹೋಗುತ್ತಿತ್ತು. ಕಂಪ್ಯೂಟರಿಗೂ ಪ್ರಶ್ನೆ ಕೇಳುವ ರೋಗ ಅಂಟಿಸಿದ್ದಾನೆ ಎಂದು ನನಗೆ ಮೈ ಉರಿಯಿತು.

ಮಾರನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಎಲ್ಲರೂ ಕಾಫಿಗೆ ಹೋಗಿದ್ದರು. ನಾನೊಬ್ಬಳೇ ಕೂತು ಸಂದೇಶದ ಒಂದು ಪದ ತಿದ್ದುತ್ತಿದ್ದೆ, ನೋಡುತ್ತಿದ್ದೆ, ಮತ್ತೆ ತಿದ್ದುತ್ತಿದ್ದೆ. ಪ್ರತಿಸಲವೂ ಅದೇ ಪ್ರಶ್ನೆ. ಆರನೆಯ ಸಲ ತಾಳ್ಮೆ ತಪ್ಪಿ ಆ ಸಾಲನ್ನು ಅಳಿಸಿ ಹಾಕಿದೆ. ಕರಡಿನಲ್ಲಿ ಹೆಚ್ಚುವರಿ ಪದ ಹೊಡೆದುಹಾಕುವುದು ನನ್ನ ಕೈಗೆ ಅಭ್ಯಾಸ. ಓಡಿಸಿದೆ. ಕೇಳುವ ಸಾಲು ಇಲ್ಲದ್ದರಿಂದ ಪ್ರೋಗ್ರಾಂ ತನಗೆ ಮೊದಲು ಸಿಕ್ಕ ಪಟ್ಟಿ ಹಿಡಿಯಿತು. ತೆರೆಯ ಮೇಲೆ ಬಂತು: 'ನೂರ ನಲವತ್ಮೂರು ಸಂದೇಶ ಕಳಿಸಲಾಗಿದೆ.' ಪ್ರಯೋಗಕ್ಕೆಂದು ನಾನೇ ಹಾಕಿದ್ದ ವಾಕ್ಯ: 'ನಾಳೆ ಬೆಳಿಗ್ಗೆ ಎಂಟು ಗಂಟೆಗೆ ನಿಮ್ಮ ಸರದಿ, ದಯವಿಟ್ಟು ತಪ್ಪದೆ ಬನ್ನಿ.' ಕಾಗುಣಿತ ಶುದ್ಧವಾಗಿತ್ತು.

ಆಗ ನಾನು ಏನು ಮಾಡಿದೆ ಎಂದು ಬರೆಯುತ್ತೇನೆ. ಓಡಿಹೋಗಿ ಹೇಳಬಹುದಿತ್ತು, ಇನ್ನೊಂದು ಸಂದೇಶ ಕಳಿಸಿ ತಡೆಯಬಹುದಿತ್ತು. ನಾನು ಆ ಸಾಲನ್ನು ಒಂದು ಚುಕ್ಕಿಯೂ ತಪ್ಪದಂತೆ ಮೊದಲಿದ್ದಲ್ಲಿ ಮತ್ತೆ ಬರೆದೆ. ಲ್ಯಾಪ್‌ಟಾಪ್ ಮುಚ್ಚಿ, ಕೆಳಗೆ ಹೋಗಿ, ಕಾಫಿ ಕುಡಿದೆ.

ಬೆಳಿಗ್ಗೆ ನನ್ನ ಬಸ್ಸು ಆ ಬೀದಿಯಲ್ಲೇ ಹಾದುಹೋಗುತ್ತದೆ. ಕ್ಲಿನಿಕ್ ತೆರೆಯುವುದು ಒಂಬತ್ತಕ್ಕೆ. ಎಂಟಕ್ಕೇ ನೂರಕ್ಕೂ ಮೀರಿ ಜನ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ಊರುಗೋಲು, ವಾಕರ್, ಸೊಂಟದ ಪಟ್ಟಿ. ಒಬ್ಬ ಹೆಂಗಸು ಕಾಲು ನೀಡಿ ಪಾದಚಾರಿ ದಾರಿಯಲ್ಲೇ ಕೂತುಬಿಟ್ಟಿದ್ದಳು. ಒಬ್ಬ ಮುದುಕರು ಕಂಬಕ್ಕೆ ಹಣೆ ಒರಗಿಸಿ ನಿಂತಿದ್ದರು. ನಾನು ಇಳಿಯಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿನ ಬೀದಿಯಿಂದ ತರಗತಿಗೆ ನಡೆದೆ.

ಹತ್ತು ಗಂಟೆಗೆ ಕ್ಲಿನಿಕ್ಕಿನ ಡಾಕ್ಟರು ಬಂದರು. ಕೂಗಾಡಿದ್ದರೆ ಚೆನ್ನಾಗಿತ್ತು, ಮೆಲ್ಲಗೆ ಮಾತಾಡಿದರು. ಸಂದೇಶ ಹೋದದ್ದು ಯಾಕಪ್ಪನ ಹೆಸರಿನಿಂದ, ನಾಲ್ಕರ ಸುಮಾರಿಗೆ. ಸಿಂಪಲ್ ಮೇಡಂ ಅವನನ್ನು ನಿಲ್ಲಿಸಿ ಕೇಳಿದಳು. ಅವನು ನನ್ನತ್ತ ನೋಡುತ್ತಾನೆ ಎಂದು ಕಾಯುತ್ತಿದ್ದೆ. ನೋಡಿದ್ದರೆ ಬಹುಶಃ ಜಗಳವಾಡಿ ಬಚಾವಾಗುತ್ತಿದ್ದೆ, ಆ ಕಲೆ ನನಗೆ ಸಿದ್ಧಿಸಿದೆ. ಆದರೆ ಆ ಮನುಷ್ಯನಿಗೆ ನನ್ನ ಮೇಲೆ ಅನುಮಾನವೇ ಹುಟ್ಟಲಿಲ್ಲ. ನೆಲ ನೋಡುತ್ತ ನಿಂತು, "ಕಾಫಿಗೆ ಹೋಗೋ ಮುಂಚೆ ನಾನೇ ಗೊತ್ತಿಲ್ದೆ ಒತ್ತಿ ಹೋಗಿರಬೇಕು ಮೇಡಂ" ಎಂದ.

ಕ್ಲಿನಿಕ್ಕಿನ ಆ ಕೆಲಸದಿಂದ ಅವನನ್ನು ತೆಗೆದರು. ತರಬೇತಿಯಲ್ಲಿ ಇಟ್ಟುಕೊಳ್ಳುವುದೋ ಬೇಡವೋ ಎಂದು ಮುಂದಿನ ವಾರ ತೀರ್ಮಾನಿಸುತ್ತೇವೆ, ಅಲ್ಲಿಯವರೆಗೆ ಬರಬೇಡ ಎಂದರು.

ಮನೆಯಲ್ಲಿ ಕೂರುವ ಬದಲು ಅವನು ದಿನವೂ ಬಂದ. ಎದುರು ಬೀದಿಯ ಕ್ಯಾಂಟೀನಿನಲ್ಲಿ ಪ್ರೋಗ್ರಾಮಿನ ಹಾಳೆಗಳನ್ನು ಹರಡಿಕೊಂಡು ಬೆರಳಿಟ್ಟು ಓದುತ್ತಿದ್ದ. ನನ್ನ ಕಿಟಕಿಯಿಂದ ಅವನ ತಲೆ ಕಾಣುತ್ತಿತ್ತು. ತಾನು ಮಾಡದ ತಪ್ಪನ್ನು ಅವನು ಹುಡುಕುತ್ತಿದ್ದುದನ್ನು ನಾನು ಎರಡು ದಿನ ಮೇಲಿನಿಂದ ನೋಡಿದೆ. ಎಂಥ ದಡ್ಡ, ನನ್ನನ್ನು ಒಂದು ಮಾತು ಕೇಳಬಾರದೇ ಎಂದು ಅವನ ಮೇಲೆಯೇ ಕೋಪ ಬರುತ್ತಿತ್ತು.

ಶುಕ್ರವಾರ ಸಂಜೆ ಅವನು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದ. ಕೈಯಲ್ಲಿ ಆ ಹಾಳೆಗಳ ಕಟ್ಟು.

"ಅಕ್ಕ, ನಾನು ಎಷ್ಟು ನೋಡಿದ್ರೂ ಗೊತ್ತಾಗ್ತಿಲ್ಲ. ಅದು ಕೇಳಲೇಬೇಕು, ಕೇಳ್ದೆ ಹೇಗೆ ಹೋಯ್ತು? ನಿಮ್ಮ ಕಣ್ಣು ಚೆನ್ನಾಗಿದೆ. ಒಂದ್ಸಲ ನೋಡಿ ಹೇಳ್ತೀರಾ, ನಾನು ಎಲ್ಲಿ ತಪ್ಪು ಮಾಡಿದೀನಿ ಅಂತ?"

ಕೈ ಚಾಚಿ ಇಸಿದುಕೊಂಡೆ. ಬೇರೇನು ಮಾಡಲಿ.

ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿದೆ. ಸುಮ್ಮನೆ ಒಂದಷ್ಟು ಹೊತ್ತು ಕೂತು ಹಿಂದಿರುಗಿಸೋಣ ಎಂದುಕೊಂಡಿದ್ದೆ. ಅಂಚಿನಲ್ಲಿ ಅವನು ಪೆನ್ಸಿಲಿನಲ್ಲಿ ಗೀಚಿದ್ದ. ಪ್ರತಿ ಸಾಲಿನ ಪಕ್ಕ, ಇದು ಯಾಕೆ ಇಲ್ಲಿದೆ, ಇದಿಲ್ಲದಿದ್ದರೆ ಏನಾಗುತ್ತದೆ ಎಂದು ತನಗೆ ತಾನೇ ಬರೆದುಕೊಂಡ ಉತ್ತರ. ಅಕ್ಷರ ಕೋಳಿಕಾಲು, ಒತ್ತಕ್ಷರಗಳು ಎಲ್ಲೆಲ್ಲೋ. ಹೊಡೆದುಹಾಕಲು ಕೆಂಪು ಪೆನ್ನು ಎತ್ತಿಕೊಂಡವಳು ಓದತೊಡಗಿದೆ. ಮೊದಲ ಹಾಳೆಯಲ್ಲಿ ಒಬ್ಬ ರೋಗಿ ಬರುತ್ತಾನೆ, ಎರಡನೆಯದರಲ್ಲಿ ಅವನಿಗೊಂದು ಸಮಯ ಸಿಗುತ್ತದೆ, ಇಬ್ಬರಿಗೆ ಒಂದೇ ಸಮಯ ಬಿದ್ದರೆ ಮೊದಲು ಕೇಳಿದವನಿಗೆ ಉಳಿಯುತ್ತದೆ, ನಡೆಯಲಾಗದವರಿಗೆ ಕೆಳಗಿನ ಕೋಣೆ. ಐದು ತಿಂಗಳಲ್ಲಿ ಮೊದಲ ಸಲ ನನಗೆ ಅಕ್ಷರಗಳ ಹಿಂದೆ ಮನುಷ್ಯರು ಓಡಾಡುವುದು ಕಂಡಿತು. ಮಧ್ಯಾಹ್ನ ಊಟ ಮರೆತೆ. ಭಾನುವಾರವೂ ಕೂತೆ. ತಿಳಿಯದ ಕಡೆ ನಾನೂ ಅಂಚಿನಲ್ಲಿ 'ಯಾಕೆ' ಎಂದು ಬರೆದೆ. ಒಟ್ಟು ಮೂವತ್ತೊಂದು 'ಯಾಕೆ' ಆಯಿತು. ಇಷ್ಟು ದಿನ ಬಾಯಿಬಿಡದೆ ಗಂಟು ಕಟ್ಟಿಕೊಂಡದ್ದು.

ಹನ್ನೆರಡನೆಯ ಹಾಳೆಯಲ್ಲಿ ಆ ಸಾಲು ಬಂತು. ಅದರ ಪಕ್ಕ ಅವನು ಬರೆದಿದ್ದ: 'ಆಸ್ಪತ್ರೆಯಲ್ಲಿ ಒಮ್ಮೆ ತಪ್ಪು ವಾರ್ಡಿಗೆ ಬಟ್ಟೆ ಹೋಗಿತ್ತು. ಅದಕ್ಕೇ ಕೇಳಬೇಕು.'

ಅವನ ಹಾಳೆಗಳಲ್ಲಿ ತಪ್ಪು ಇರಲಿಲ್ಲ ರೀ. ನಾನು ಹುಡುಕಿದೆ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಪ್ರಾಮಾಣಿಕವಾಗಿ ಹುಡುಕಿದೆ.

ಸೋಮವಾರ ತರಗತಿ ತುಂಬಿದ ಮೇಲೆ ಎದ್ದು ನಿಂತೆ. ಅವನಿಗೆ ಹೆಸರಿಟ್ಟದ್ದು ಎಲ್ಲರ ಮುಂದೆ, ಇದನ್ನು ಕೋಣೆಯೊಳಗೆ ಪಿಸುಗುಟ್ಟಿದರೆ ಸರಿಹೋಗುವುದಿಲ್ಲ ಅನ್ನಿಸಿತು. ಸಾಲು ತೆಗೆದದ್ದು, ಓಡಿಸಿದ್ದು, ಮತ್ತೆ ಬರೆದದ್ದು, ಬಸ್ಸಿನಿಂದ ಇಳಿಯದೇ ಹೋದದ್ದು, ಎಲ್ಲ ಹೇಳಿದೆ.  ಸಿಂಪಲ್ ಮೇಡಂ ಪೆನ್ನಿನ ಮುಚ್ಚಳ ಬಾಯಿಂದ ತೆಗೆದಳು. ಅವಳು ಅಂದದ್ದು ಇಷ್ಟೇ: "ತಪ್ಪು ಮಾಡಿದ್ದಕ್ಕೆ ನಾನು ಏನೂ ಅನ್ನಲ್ಲ. ವಾಪಸ್ ಬರೆದಿಟ್ರಲ್ಲ, ಅದಕ್ಕೆ ಏನು ಅನ್ಬೇಕೋ ನನಗೆ ಗೊತ್ತಾಗ್ತಿಲ್ಲ." ಇಪ್ಪತ್ತಾರರ ಹುಡುಗಿ. ಅವಳ ಬಗ್ಗೆ ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ನಾನು ಎಂಥವಳಾಗಿದ್ದೆ ಎಂದು ನಿಮಗೆ ಕಾಣಲಿ.

ನನ್ನನ್ನು ನಮಗಿಂತ ಎರಡು ತಿಂಗಳು ತಡವಾಗಿ ಶುರುವಾದ ತಂಡಕ್ಕೆ ಇಳಿಸಿದರು. ಅದಕ್ಕೂ ಮುಂಚೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ನೂರ ನಲವತ್ಮೂರು ಜನರಿಗೂ ಫೋನ್ ಮಾಡಿ ತಪ್ಪೊಪ್ಪಿಕೊಳ್ಳಬೇಕಿತ್ತು. ಎರಡು ದಿನ ಹಿಡಿಯಿತು. ಕೆಲವರು ಬೈದರು, ಕೆಲವರು ಯಾರು ನೀನು ಎಂದು ಮತ್ತೆ ಮತ್ತೆ ಕೇಳಿದರು. ಒಬ್ಬರು, "ಅವತ್ತು ನಿಂತಿದ್ದಕ್ಕೆ ಮೂರು ದಿನ ಮಲಗಿದೀನಮ್ಮ, ನೀನು ಫೋನ್ ಮಾಡಿದ್ರೆ ನನ್ನ ಕಾಲು ಎದ್ದು ನಿಲ್ಲುತ್ತಾ?" ಎಂದು ಇಟ್ಟುಬಿಟ್ಟರು. 

ಯಾಕಪ್ಪನನ್ನು ಅದೇ ದಿನ ಕರೆಸಿ ಕೆಲಸ ಹಿಂದಕ್ಕೆ ಕೊಟ್ಟರು. ಇನ್ನು ಮೇಲೆ ಆ ಹೆಸರಿನಲ್ಲಿ ಕರೆಯಬಾರದು, ಆದರೆ ನಿಮಗೆ ಬೇರೆ ಹೆಸರು ಹೇಳಿದರೆ ಗೊಂದಲವಾದೀತು. ಹಾಳೆಗಳನ್ನು ಹಿಂದಿರುಗಿಸಲು ಹೋದಾಗ ಅವನು ಕೇಳಿದ.

"ಆ ಸಾಲು ಯಾಕೆ ತೆಗೆದ್ರಿ?"

"ನಿಮ್ಮನ್ನ ಕಂಡ್ರೆ ನನಗೆ ತಾತ್ಸಾರ ಇತ್ತು. ಅದಕ್ಕೆ" ಎಂದೆ.

"ಅದು ಗೊತ್ತಿತ್ತು" ಎಂದ. "ಮೂರು ದಿನ ನನ್ನ ತಲೆನೇ ಕೆಟ್ಟಿದೆ ಅಂದ್ಕೊಂಡಿದ್ದೆ. ಮನೇಲಿ ಹೆಂಡತಿಗೂ ಹೇಳ್ಬಿಟ್ಟಿದ್ದೆ, ನನ್ನ ಕೈಲಿ ಇದೆಲ್ಲ ಆಗಲ್ಲ, ಮತ್ತೆ ಎಲ್ಲಾದ್ರೂ ಬಟ್ಟೆ ಮಡಚಕ್ಕೆ ಹೋಗ್ತೀನಿ ಅಂತ" ಎಂದ. ಹಾಳೆಗಳನ್ನು ತೆಗೆದುಕೊಂಡ. ಆಮೇಲೆ ನನ್ನೊಂದಿಗೆ ಮಾತಾಡಲಿಲ್ಲ. ಅವನ ತರಬೇತಿ ಮುಗಿದ ದಿನ ಮೆಟ್ಟಿಲಲ್ಲಿ ಎದುರಾದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಅಷ್ಟೇ. ನನಗಿಂತ ಮೂರು ತಿಂಗಳು ಮುಂಚೆ ಅವನಿಗೆ ಕೆಲಸವಾಯಿತು. ಕಥೆಗಳಲ್ಲಿ ಇಂಥವರು ಕ್ಷಮಿಸಿ ಅಕ್ಕ ಅನ್ನುತ್ತಾರೆ. ಅವನು ಅನ್ನಲಿಲ್ಲ, ಅವನೇ ಸರಿ.

ಹೊಸ ತಂಡದಲ್ಲಿ ಮೊದಲ ದಿನವೇ ಸಿಂಪಲ್ ಮೇಡಂ ಬಲೆಯ ಚಿತ್ರ ಬರೆದು "ಸಿಂಪಲ್, ಅಲ್ವಾ?" ಎಂದಾಗ, "ನನಗಲ್ಲ ಮೇಡಂ, ಇನ್ನೊಂದ್ಸಲ ಹೇಳಿ" ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಗಲಿ. ಆ ಮೂವತ್ತೊಂದು 'ಯಾಕೆ'ಗಳನ್ನು ಒಂದೊಂದಾಗಿ ಕೇಳಿ ಮುಗಿಸಲು ಮೂರು ವಾರ ಬೇಕಾಯಿತು. ಈಗ ಬರೆಯಬಲ್ಲೆ. ಚೆನ್ನಾಗಿ ಅಲ್ಲ, ನಿಧಾನವಾಗಿ. ಆದರೆ ಬರೆದದ್ದು ಏನು ಮಾಡುತ್ತದೆಂದು ಗೊತ್ತಿರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಇದು ನನ್ನನ್ನೇ ಹೊಗಳಿಕೊಂಡ ಪತ್ರವಾಗುತ್ತದೆ. ನಿಲ್ಲಿಸಬೇಕೆಂದು ಆಸೆ ಇದೆ. ಒಳಗೆ ಹೋಗಿ ಮುಖ ತೊಳೆದು ಬಂದು ಮತ್ತೆ ಕೂತಿದ್ದೇನೆ.

ಮೂರು ವರ್ಷದ ಹಿಂದೆ ಮಗಳ ಕಾಲೇಜು ಅರ್ಜಿಯನ್ನು ನೀವು ತುಂಬಿದಿರಿ. ಕಟ್ಟಡಗಳ ನಕ್ಷೆ ಬರೆಯುವುದನ್ನು ಕಲಿಯಬೇಕೆಂದು ಅವಳು ಎರಡು ವರ್ಷ ಬೇರೆ ಮಾತಾಡಿರಲಿಲ್ಲ. ಲಕೋಟೆಯನ್ನು ನಿಮ್ಮ ಚೀಲದಲ್ಲಿಟ್ಟುಕೊಂಡಿದ್ದಿರಿ, ಕೊನೆಯ ದಿನ ಕಾಲೇಜಿನಲ್ಲಿ ಕೊಡುವುದೆಂದು ಮಾತಾಗಿತ್ತು. ಆ ದಿನ ಚೀಲದಲ್ಲಿ ಲಕೋಟೆ ಇರಲಿಲ್ಲ. ಕೊಡೆ, ಬೀಗದ ಕೈ, ಒಂದು ಸಲ ನಿಮ್ಮ ಅಣ್ಣನ ಮಗನ ಶಾಲೆಯ ಶೂಗಳನ್ನೂ ಕಳೆದ ಮನುಷ್ಯ ನೀವು. ದಾರಿಯಲ್ಲಿ ಎಲ್ಲೋ ಬೀಳಿಸಿದೆ ಎಂದು ನೀವೇ ಹೇಳಿಬಿಟ್ಟಿರಿ. ಮಗಳು ನಿಮ್ಮ ಜೊತೆ ಮಾತು ಬಿಟ್ಟಳು. ಇನ್ನೇನನ್ನೋ ಓದಲು ಬೇರೆ ಊರಿನ ಹಾಸ್ಟೆಲ್ಲಿಗೆ ಹೋದಳು. ನಾನು ನೆಂಟರಿಷ್ಟರ ಮುಂದೆಲ್ಲ, ಇವರ ಕೈಗೆ ಕೊಟ್ಟರೆ ಮಗಳ ಬಾಳೂ ಬೀದಿಯಲ್ಲಿ ಬೀಳುತ್ತದೆ ಎಂದು ಹೇಳಿಕೊಂಡು ತಿರುಗಿದೆ. ವರ್ಷ ತುಂಬುವ ಹೊತ್ತಿಗೆ ನೀವು ಮನೆ ಬಿಟ್ಟಿರಿ. ಯಾರೂ ನಿಮ್ಮನ್ನು ತಡೆಯಲಿಲ್ಲ.

ನೀವು ಬೀಳಿಸಲಿಲ್ಲ. ಕೊನೆಯ ದಿನಕ್ಕೆ ನಾಲ್ಕು ದಿನ ಮೊದಲು ನಾನೇ ಅದನ್ನು ನಿಮ್ಮ ಚೀಲದಿಂದ ತೆಗೆದೆ. ನಿಮ್ಮ ಕೈಬರಹದ ಮೇಲೆ ನಂಬಿಕೆ ಇರಲಿಲ್ಲ, ತಿದ್ದಿ ಮತ್ತೆ ಒಳಗಿಡೋಣ ಎಂದು ಪ್ರೆಸ್ಸಿಗೆ ಒಯ್ದೆ. ಆ ವಾರ ಪಠ್ಯಪುಸ್ತಕದ ಅವಸರ. ಮೇಜಿನ ಖಾನೆಗೆ ಹಾಕಿ ಮರೆತೆ. ದಿನ ಮೀರಿ ಎರಡನೆಯ ದಿನ ಕೈಗೆ ಸಿಕ್ಕಿತು. ಅಷ್ಟರಲ್ಲಿ ನೀವು ತಪ್ಪನ್ನು ನಿಮ್ಮ ಮೇಲೆ ಹಾಕಿಕೊಂಡು ಆಗಿತ್ತು. ನಾನು ಖಾನೆ ಮುಚ್ಚಿದೆ. ಪ್ರೆಸ್ ಖಾಲಿ ಮಾಡುವಾಗ ಅದನ್ನು ಮನೆಗೆ ತಂದೆ, ಇದರ ಜೊತೆ ಇಟ್ಟಿದ್ದೇನೆ. ಬಿಡಿಸಿ ನೋಡಿ. ಒಂದೇ ಒಂದು ಕಡೆ ತಪ್ಪಿತ್ತು, ಅದೂ ಬೀದಿಯ ಹೆಸರಿನಲ್ಲಿ. ಹಾಗೇ ಕೊಟ್ಟಿದ್ದರೂ ನಡೆಯುತ್ತಿತ್ತು.

ಆ ಕ್ಯಾಂಟೀನಿನಲ್ಲಿ ತಲೆ ಬಗ್ಗಿಸಿ ಕೂತವನನ್ನು ನೋಡಿದಾಗ ಎರಡು ದಿನ ನನಗೆ ನೆನಪಾಗುತ್ತಿದ್ದುದು ನೀವು. ಸ್ಕೂಟರಿನ ಡಿಕ್ಕಿ ಬಿಚ್ಚಿ, ಸೀಟು ಕಿತ್ತು, ಮತ್ತೆ ಮತ್ತೆ ಹುಡುಕುತ್ತಿದ್ದಿರಲ್ಲ, ಆಗಿನದ್ದು. ತರಗತಿಯಲ್ಲಿ ಹೇಳಲು ಐದು ದಿನ ತೆಗೆದುಕೊಂಡೆ. ನಿಮಗೆ ಹೇಳಲು ಮೂರು ವರ್ಷ. ನಿಮ್ಮನ್ನು ದಡ್ಡರೆಂದು ತಿಳಿದಿದ್ದೆ, ಅದೇ ನನಗೆ ಅನುಕೂಲವಾಗಿತ್ತು.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀವು ಓದಿ ಮುಗಿಸುವ ಮುಂಚೆಯೇ ಕ್ಷಮಿಸಿಬಿಡುತ್ತೀರಿ, ಅದು ನಿಮ್ಮ ರೋಗ. ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ದಿನ ನನ್ನ ಮೇಲೆ ಚೆನ್ನಾಗಿ ಕೋಪ ಮಾಡಿಕೊಳ್ಳಿ. ಅಭ್ಯಾಸವಿಲ್ಲದಿದ್ದರೆ ಕಲಿಯಿರಿ, ಈ ವಯಸ್ಸಿಗೆ ನಾನು ಕಲಿಯಲಿಲ್ಲವೇ. ನೆಂಟರಿಗೆಲ್ಲ ನಾನೇ ಹೇಳುತ್ತೇನೆ. ನಿಮ್ಮ ಅಕ್ಕನ ಮನೆಯಿಂದ ಶುರು ಮಾಡುತ್ತೇನೆ, ಅವರ ಬಾಯಿಯಲ್ಲಿ ಬಿದ್ದರೆ ಉಳಿದವರಿಗೆ ನಾನು ಹೇಳುವ ಶ್ರಮ ತಪ್ಪುತ್ತದೆ.

ಇಷ್ಟೇ ಬರೆಯಬೇಕಾಗಿದ್ದದ್ದು,
ನಿಮ್ಮ ಮಗಳ ತಾಯಿ

ಮರೆತದ್ದು: ಮಗಳಿಗೆ ನಿನ್ನೆಯೇ ಫೋನಿನಲ್ಲಿ ಹೇಳಿದೆ. ನಿಮಗೆ ಬರೆದು, ನೀವು ಸಮಾಧಾನ ಹೇಳಿ, ಆಮೇಲೆ ಅವಳಿಗೆ ತಿಳಿಯುವುದು ಬೇಡ ಅನ್ನಿಸಿತು. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಪ್ಪ ಈಗ ಎಲ್ಲಿರ್ತಾರೆ?" ಎಂದು ಕೇಳಿದಳು. ವಿಳಾಸ ಹೇಳಿದೆ. ನನ್ನ ಜೊತೆ ಇನ್ನು ಮಾತಾಡುವುದಿಲ್ಲವಂತೆ, ಎಷ್ಟು ದಿನ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಶನಿವಾರ ನಿಮ್ಮನ್ನು ನೋಡಲು ಬರುತ್ತಾಳೆ. ಅವಳಿಗೆ ನೆಗಡಿಯಾಗಿದೆ, ಮಲಗಲು ಗಾಳಿ ಬೀಸದ ಕಡೆ ಜಾಗ ಕೊಡಿ. ಅವಳು ಅತ್ತರೆ ನೀವೂ ಜೊತೆಗೆ ಕೂತು ಅಳಬೇಡಿ, ಒಬ್ಬರಾದರೂ ಗಟ್ಟಿಯಾಗಿರಬೇಕು. ಬಸ್ಸು ಬರುವುದು ಹತ್ತೂವರೆಗೆ. ನೀವು ಹತ್ತಕ್ಕೇ ಹೋಗಿ ನಿಲ್ಲಿ.